ಕಲರ್ ಸಾರ್ಟರ್ ಬಂದ ಮೇಲೆ ಗಾರ್ಬ್ಲಿಂಗ್ ಹಾಲಿನಲ್ಲಿ ಯಾರೂ ಮಾತಾಡ್ತಿಲ್ಲ. ಕಾರ್ಯಾಗಾರ ಹೇಗೆ ನಡೆಸಬೇಕು?

ಕ್ಯೂರಿಂಗ್ ಸೂಪರ್‌ವೈಸರ್, ಹಾಸನ

ಎಲ್ಲರಿಗೂ ನಮಸ್ಕಾರ. ಹಾಸನದ ಒಂದು ಕಾಫಿ ಕ್ಯೂರಿಂಗ್ ಘಟಕದಲ್ಲಿ 14 ವರ್ಷದಿಂದ ಇದ್ದೀನಿ, ಈಗ ಗಾರ್ಬ್ಲಿಂಗ್ ಹಾಲಿನ ಉಸ್ತುವಾರಿ ನನ್ನದು. ಸ್ವಲ್ಪ ಉದ್ದ ಬರೀತೀನಿ, ದಯವಿಟ್ಟು ಪೂರ್ತಿ ಓದಿ.

ಕ್ಯೂರಿಂಗ್ ಕೆಲಸ ನೋಡಿಲ್ಲದವರಿಗೆ: ತೋಟದಿಂದ ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಳಸಿಪ್ಪೆ ಸಮೇತ ಒಣಗಿಸಿದ ಬೀಜ) ಮತ್ತು ಚೆರ್ರಿ (ಇಡೀ ಹಣ್ಣನ್ನೇ ಒಣಗಿಸಿದ್ದು) ನಮ್ಮಲ್ಲಿಗೆ ಬರುತ್ತೆ. ತೇವಾಂಶ ನೋಡಿ, ಸಿಪ್ಪೆ ತೆಗೆದು, ಜರಡಿಯಲ್ಲಿ ಎಎ, ಎ, ಬಿ, ಪಿಬಿ ಅಂತ ಗಾತ್ರ ಬೇರೆ ಮಾಡ್ತೀವಿ. ಆಮೇಲೆ ಕಪ್ಪು ಬೀಜ, ಕಂದು ಬೀಜ, ಒಡೆದ ಚೂರು ಇವನ್ನೆಲ್ಲ ಹೆಂಗಸರು ಕೂತು ಕೈಯಲ್ಲಿ ಹೆಕ್ಕಿ ತೆಗೀತಾರೆ. ಅದೇ ಗಾರ್ಬ್ಲಿಂಗ್. ನಮ್ಮ ಹಾಲಿನಲ್ಲಿ 38 ಜನ ಇದ್ದಾರೆ. ಆಲೂರು, ಕಟ್ಟಾಯ, ದುದ್ದ ಕಡೆಯಿಂದ ಬಸ್ಸಿನಲ್ಲಿ ಬರ್ತಾರೆ. ಅರ್ಧದಷ್ಟು ಜನ ನನಗಿಂತ ಮುಂಚಿನಿಂದ ಇರೋರು.

ಹೋದ ಡಿಸೆಂಬರ್‌ನಲ್ಲಿ ಎರಡು ಬದಲಾವಣೆ ಒಟ್ಟಿಗೆ ಬಂತು. ಒಂದು ಕಲರ್ ಸಾರ್ಟರ್, ಅಂದ್ರೆ ಬಣ್ಣ ನೋಡಿ ಕೆಟ್ಟ ಬೀಜ ಬೇರೆ ಮಾಡೋ ಮೆಷಿನ್. ಇನ್ನೊಂದು, ತೂಕದ ಪುಸ್ತಕ ತೆಗೆದು ಟ್ಯಾಬ್‌ನಲ್ಲಿ ಎಂಟ್ರಿ ಮಾಡೋ ವ್ಯವಸ್ಥೆ. ಯಾರನ್ನೂ ಕೆಲಸದಿಂದ ತೆಗೆದಿಲ್ಲ, ತೆಗೆಯಲ್ಲ ಅಂತ ಮಾಲೀಕರೇ ಹೇಳಿದ್ದಾರೆ. ಆದ್ರೂ ಫೆಬ್ರವರಿಯಿಂದ ಹಾಲಿನ ವಾತಾವರಣ ಕೆಟ್ಟಿದೆ. ಮಾತಿಲ್ಲ, ಕಥೆಯಿಲ್ಲ, ಸಂಜೆ ತೂಕದ ಹತ್ತಿರ ದಿನಾ ಒಂದಲ್ಲ ಒಂದು ತಕರಾರು. ನಾಲ್ಕು ಜನ ಬಿಟ್ಟು ಹೋದ್ರು.

ಮೇ ತಿಂಗಳಲ್ಲಿ ಹೊರಗಿನವರನ್ನ ಕರೆಸಿ ಹೋಟೆಲ್ ಒಂದರಲ್ಲಿ ಇಡೀ ದಿನ ಕಾರ್ಯಾಗಾರ ಮಾಡಿಸಿದ್ರು. ಸ್ಲೈಡ್ ಎಲ್ಲ ಇಂಗ್ಲಿಷ್. ಕೂತಿದ್ದ 22 ಜನರಲ್ಲಿ ಗಾರ್ಬ್ಲಿಂಗ್ ಕಡೆಯವರು ಇಬ್ಬರೇ, ಅವರೂ ಬಾಯಿ ಬಿಡಲಿಲ್ಲ. ಬಣ್ಣದ ಚೀಟಿ ಅಂಟಿಸಿದ್ರು. ಕೊನೆಗೆ ದೊಡ್ಡಕ್ಷರದಲ್ಲಿ ‘ಬದಲಾವಣೆಗೆ ವಿರೋಧ’ ಅಂತ ಬರೆದು ಸುತ್ತ ಗೆರೆ ಎಳೆದ್ರು. ಆ ಚಾರ್ಟ್ ಪೇಪರ್ ಸುರುಳಿ ಸುತ್ತಿಕೊಂಡು ಇವತ್ತಿಗೂ ಆಫೀಸ್ ಬೀರು ಮೇಲೆ ಬಿದ್ದಿದೆ.

ಈಗ ಮ್ಯಾನೇಜರ್ ನನಗೇ ಹೇಳಿದ್ದಾರೆ: ‘ನಿಮಗೆ ಅವರು ಗೊತ್ತು, ನೀವೇ ಒಂದು ನಡೆಸಿ.’ ಮಳೆ ಹಿಡಿದಿದೆ, ಲೋಡ್ ಕಡಿಮೆ, ಅರ್ಧ ದಿನ ಸಿಗುತ್ತೆ. ಊಟದ ಖರ್ಚು ಕೊಡ್ತಾರೆ, ಬೇರೇನಿಲ್ಲ. ಇಂಥದ್ದು ನಡೆಸಿದವರು ಇದ್ರೆ ಹೇಗೆ ಮಾಡಿದ್ರಿ ಹೇಳಿ. ಇನ್ನೊಂದು ಸಲ ಅವರ ಅರ್ಧ ದಿನ ಹಾಳು ಮಾಡೋಕೆ ನನಗೆ ಮನಸ್ಸಿಲ್ಲ.

ನಿವೃತ್ತ ಫೋರ್‌ಮನ್, ಅರಸೀಕೆರೆ

ನಿಮ್ಮ ಬರಹ ಓದಿ ಮನಸ್ಸಿಗೆ ಹತ್ತಿರವಾಯಿತು. ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಯಲ್ಲಿ 31 ವರ್ಷ ದುಡಿದವನು ನಾನು. ಅದರಲ್ಲಿ ಹತ್ತು ಹನ್ನೆರಡು ವರ್ಷ ಕ್ವಾಲಿಟಿ ಸರ್ಕಲ್ ನಡೆಸಿದ್ದೇನೆ. ಜಪಾನಿನಲ್ಲಿ 1962ರಲ್ಲಿ ಶುರುವಾದ ಪದ್ಧತಿ ಅದು, ಕವೊರು ಇಶಿಕಾವಾ ಅದರ ಹಿಂದಿನ ಮೇಷ್ಟ್ರು. ನಮ್ಮ ದೇಶಕ್ಕೆ 1980ರಲ್ಲಿ ಬಿಎಚ್‌ಇಎಲ್‌ನ ಹೈದರಾಬಾದ್ ಘಟಕದ ಮೂಲಕ ಬಂತು. ಒಂದೇ ಕಡೆ ಕೆಲಸ ಮಾಡುವ ಆರರಿಂದ ಹತ್ತು ಜನ ವಾರಕ್ಕೊಂದು ಗಂಟೆ ಕೂತು, ತಮ್ಮ ಕೆಲಸದ ತೊಂದರೆಯನ್ನು ತಾವೇ ಆರಿಸಿ, ತಾವೇ ಅಳೆದು, ತಾವೇ ಪರಿಹಾರ ಹೇಳುವುದು. ಹೊರಗಿನವರು ಬಂದು ಬೋಧಿಸುವುದಲ್ಲ.

ನಿಮ್ಮ ಮೇ ತಿಂಗಳ ಕಾರ್ಯಾಗಾರ ಎಲ್ಲಿ ಎಡವಿತು ಎಂಬುದು ಆ ಗೆರೆ ಎಳೆದ ಎರಡು ಪದದಲ್ಲೇ ಇದೆ. ‘ಬದಲಾವಣೆಗೆ ವಿರೋಧ’ ಎನ್ನುವುದು ಕಾರಣವಲ್ಲ. ಜ್ವರ ಇದ್ದ ಹಾಗೆ, ಅದು ಲಕ್ಷಣ. ಅದನ್ನೇ ಉತ್ತರ ಎಂದು ಬರೆದುಬಿಟ್ಟರೆ ಮುಂದೆ ಹುಡುಕುವವರು ಯಾರು?

ಮೊದಲು ಪ್ರಶ್ನೆ ಸರಿಪಡಿಸಿ. ‘ಹೊಸ ವ್ಯವಸ್ಥೆಗೆ ಯಾಕೆ ಒಗ್ಗಿಕೊಳ್ಳುತ್ತಿಲ್ಲ’ ಎಂದು ಕೇಳಿದರೆ ಅವರು ಆಗಲೇ ಆರೋಪಿಗಳಾದರು. ‘ಡಿಸೆಂಬರ್‌ನಿಂದ ಈಚೆಗೆ ನಿಮ್ಮ ಕೆಲಸದಲ್ಲಿ ಏನೇನು ಬದಲಾಯಿತು’ ಎಂದಷ್ಟೇ ಕೇಳಿ. ಒಳ್ಳೆಯದೂ ಬರಲಿ, ಕೆಟ್ಟದ್ದೂ ಬರಲಿ. ಮತ್ತೆ ಹೋಟೆಲ್ ಬೇಡ. ಹಾಲಿನಲ್ಲೇ ಕೂರಿ. ಕೈಗೆ ಸಿಗುವ ಮೊರ, ಚೀಲ, ತಕ್ಕಡಿ ಎದುರಿಗೇ ಇದ್ದರೆ ಮಾತು ತಾನಾಗಿ ಬರುತ್ತದೆ.

ಶುಶ್ರೂಷಾಧಿಕಾರಿ, ಚಿಕ್ಕಮಗಳೂರು

ಫೋರ್‌ಮನ್ ಸರ್ ಹೇಳಿದ ಪ್ರಶ್ನೆಯ ಮಾತು ತುಂಬಾ ಸರಿ. ನಾನು ಒಂದು ವಿಷಯ ಸೇರಿಸ್ತೀನಿ: ಮೊದಲು ಯಾರು ಮಾತಾಡ್ತಾರೆ ಅನ್ನೋದು.

ನಮ್ಮ ವಾರ್ಡಿನಲ್ಲಿ ಪಾಳಿ ಬದಲಾಗುವಾಗ ರೋಗಿಗಳನ್ನ ಒಪ್ಪಿಸೋ ಕ್ರಮ ಬದಲಾಯಿಸಿದ್ರು. ಬಾಯಲ್ಲಿ ಹೇಳ್ತಿದ್ದದ್ದು ಹೋಗಿ ಎರಡು ಪುಟದ ಫಾರಂ ಬಂತು. ಮೊದಲ ಸಭೆಯಲ್ಲಿ ಹಿರಿಯ ಡಾಕ್ಟರ್ ಎದ್ದು ‘ಚೆನ್ನಾಗಿದೆ ಅಲ್ವಾ’ ಅಂದ್ರು. ಎಲ್ಲರೂ ‘ಚೆನ್ನಾಗಿದೆ ಸರ್’ ಅಂದ್ವಿ. ನಾನೂ ಅಂದೆ. ಮರುದಿನದಿಂದ ಯಾರೂ ಫಾರಂ ಸರಿಯಾಗಿ ತುಂಬಲಿಲ್ಲ. ಒಂದು ರಾತ್ರಿ ಒಬ್ಬ ಅಜ್ಜಿಗೆ ಕೊಡಬೇಕಿದ್ದ ಇಂಜೆಕ್ಷನ್ ಎರಡು ಗಂಟೆ ತಡವಾಯ್ತು. ಅಜ್ಜಿಗೆ ಏನೂ ಆಗಲಿಲ್ಲ, ಆದ್ರೆ ಆ ರಾತ್ರಿ ನನಗೆ ಇವತ್ತಿಗೂ ನೆನಪಿದೆ.

ಎರಡನೇ ಸಲ ನಮ್ಮ ಮೇಟ್ರನ್ ಬೇರೆ ಥರ ಮಾಡಿಸಿದ್ರು. ಎಲ್ಲರಿಗೂ ಒಂದೊಂದು ಕಾಗದ. ಹತ್ತು ನಿಮಿಷ ಯಾರೂ ಮಾತಾಡೋ ಹಾಗಿಲ್ಲ, ಬರೀಬೇಕು ಅಷ್ಟೇ. ಆಮೇಲೆ ಸುತ್ತು ಹಾಕಿ ಒಬ್ಬೊಬ್ಬರು ಒಂದೊಂದೇ ಅಂಶ ಓದೋದು. ಯಾರೂ ಚರ್ಚೆ ಮಾಡೋ ಹಾಗಿಲ್ಲ, ಬೋರ್ಡಿನ ಮೇಲೆ ಬರ್ಕೊಂಡು ಹೋಗೋದು. ಎಲ್ಲ ಬಂದ ಮೇಲೆ ಅರ್ಥ ಆಗದ್ದನ್ನ ಕೇಳಿ ತಿಳ್ಕೊಳ್ಳೋದು. ಕೊನೆಗೆ ಪ್ರತಿಯೊಬ್ಬರೂ ತಮಗೆ ಮುಖ್ಯ ಅನ್ನಿಸಿದ್ದಕ್ಕೆ ಗುಟ್ಟಾಗಿ ಅಂಕ ಹಾಕೋದು. ಇದಕ್ಕೆ ನಾಮಿನಲ್ ಗ್ರೂಪ್ ಟೆಕ್ನಿಕ್ ಅಂತ ಹೆಸರು, ಡೆಲ್ಬೆಕ್ ಮತ್ತು ವ್ಯಾನ್ ಡಿ ವೆನ್ ಅನ್ನೋರು 1971ರಲ್ಲಿ ಬರೆದದ್ದು ಅಂತ ಆಮೇಲೆ ತರಬೇತಿಯಲ್ಲಿ ಓದಿದೆ.

ಅವತ್ತು ಅತಿ ಹೆಚ್ಚು ಅಂಕ ಬಿದ್ದದ್ದು ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದ್ದ ಹುಡುಗಿ ಬರೆದದ್ದಕ್ಕೆ: ‘ಫಾರಂ ತುಂಬುವ ಜಾಗ ರೋಗಿಯ ಹಾಸಿಗೆಯಿಂದ ದೂರ ಇದೆ.’ ಬಾಯಿಬಿಟ್ಟು ಹೇಳೋದಾಗಿದ್ರೆ ಆ ಹುಡುಗಿ ಖಂಡಿತ ಹೇಳ್ತಿರಲಿಲ್ಲ.

ಎಸ್ಟೇಟ್ ರೈಟರ್, ಮೂಡಿಗೆರೆ

ತೋಟದಲ್ಲಿ ಲೆಕ್ಕ ಬರೆಯೋನು ನಾನು. ಸ್ವಲ್ಪ ಬೇರೆ ಹೇಳ್ತೇನೆ, ಬೇಜಾರಾಗ್ಬೇಡಿ. ಇದೆಲ್ಲ ಓದು ಬರಹ ಬರೋರಿಗೆ ಆಯ್ತು ಮಾರಾಯ್ರೇ. ಗಾರ್ಬ್ಲಿಂಗ್ ಹೆಂಗಸರಲ್ಲಿ ಎಷ್ಟು ಜನ ಹತ್ತು ನಿಮಿಷ ಕೂತು ಬರೀತಾರೆ? ಅವರ ಕೈಗೆ ಪೆನ್ನು ಕೊಟ್ಟು ಸುಮ್ಮನೆ ಕೂರಿಸಿದ್ರೆ ಬಣ್ಣದ ಚೀಟಿಗಿಂತ ದೊಡ್ಡ ಅವಮಾನ ಅದು.

ನಮ್ಮ ತೋಟದಲ್ಲಿ ಹಣ್ಣು ಕುಯ್ಯೋದಕ್ಕೆ ಬುಟ್ಟಿ ಲೆಕ್ಕ ಇತ್ತು. ಅದನ್ನ ತೆಗೆದು ಎಲೆಕ್ಟ್ರಾನಿಕ್ ತಕ್ಕಡಿ ತಂದಾಗ ಇದೇ ಕಥೆ. ಮೊದಲ ವಾರ ದಿನಾ ಗಲಾಟೆ. ನಾನು ಯಾವ ಸಭೆನೂ ಮಾಡ್ಲಿಲ್ಲ. ಸಂಜೆ ಕೂಲಿಯವರ ಲೈನ್ ಮನೆ ಹತ್ರ ಹೋಗಿ ಜಗಲಿ ಮೇಲೆ ಕೂತೆ. ಕಾಫಿ ಕೊಟ್ರು, ಕುಡ್ದೆ. ಮೂರನೇ ಮನೇಲಿ ವಿಷಯ ಹೊರಗೆ ಬಂತು: ತಕ್ಕಡಿಯ ನಂಬರ್ ನನಗೆ ಕಾಣ್ತದೆ, ಅವ್ರಿಗೆ ಕಾಣಲ್ಲ. ಅಷ್ಟೇ. ತಕ್ಕಡಿ ತಿರುಗಿಸಿ ಇಟ್ವಿ, ಒಂದು ವಾರ ಬುಟ್ಟಿ ಲೆಕ್ಕ, ತೂಕದ ಲೆಕ್ಕ ಎರಡೂ ಬರೆದು ತೋರಿಸಿದ್ವಿ. ಗಲಾಟೆ ನಿಂತ್ತು.

ಶುಶ್ರೂಷಾಧಿಕಾರಿ, ಚಿಕ್ಕಮಗಳೂರು

ರೈಟರ್ ಅಣ್ಣ, ಬರೆಯೋಕೆ ಬಾರದವರ ವಿಷಯ ನೀವು ಹೇಳಿದ್ದು ನಿಜ, ನಾನು ಯೋಚಿಸಿರಲಿಲ್ಲ. ಆದ್ರೆ ಜಗಲಿ ಮೇಲೆ ಕೂತು ಕೇಳಿದ್ದು ನಿಮಗೆ ಮಾತ್ರ ಗೊತ್ತಾಗುತ್ತೆ. ಹತ್ತು ಜನರ ತೊಂದರೆ ಒಂದೇ ಅಂತ ಆ ಹತ್ತು ಜನಕ್ಕೇ ಗೊತ್ತಾಗೋದು ಒಟ್ಟಿಗೆ ಕೂತಾಗ. ನನ್ನೊಬ್ಬಳಿಗೇ ಕೈಲಾಗ್ತಿಲ್ಲ ಅಂತ ಎಷ್ಟು ಜನ ಒಳಗೇ ಕೊರಗ್ತಿರ್ತಾರೆ ಗೊತ್ತಾ?

ಮೇಷ್ಟ್ರು, ಇಂಜಿನಿಯರಿಂಗ್ ಕಾಲೇಜು, ಹಾಸನ

ಇಲ್ಲಿ ಒಂದು ಹಳೆಯ ಅಧ್ಯಯನ ನೆನಪಿಸಬೇಕು, ಏಕೆಂದರೆ ಅದು ನಿಮ್ಮ ಹಾಲಿನ ಕಥೆಗೆ ತೀರಾ ಹತ್ತಿರ. ಅಮೆರಿಕದ ವರ್ಜೀನಿಯಾದ ಮೇರಿಯನ್ ಎಂಬ ಊರಿನಲ್ಲಿ ಹಾರ್‌ವುಡ್ ಎಂಬ ಪೈಜಾಮ ಕಾರ್ಖಾನೆ ಇತ್ತು. ಕೆಲಸಗಾರರಲ್ಲಿ ಹೆಚ್ಚಿನವರು ಹೆಂಗಸರು, ಸಂಬಳ ತುಂಡಿನ ಲೆಕ್ಕದಲ್ಲಿ. ಕೆಲಸದ ಕ್ರಮ ಬದಲಾದಾಗಲೆಲ್ಲ ಉತ್ಪಾದನೆ ಕುಸಿಯುತ್ತಿತ್ತು, ಜನ ಬಿಟ್ಟು ಹೋಗುತ್ತಿದ್ದರು. ಲೆಸ್ಟರ್ ಕಾಕ್ ಮತ್ತು ಜಾನ್ ಫ್ರೆಂಚ್ ಅಲ್ಲಿ ಒಂದು ಪ್ರಯೋಗ ಮಾಡಿ 1948ರಲ್ಲಿ ಪ್ರಕಟಿಸಿದರು.

ಒಂದು ಗುಂಪಿಗೆ ಬದಲಾವಣೆಯನ್ನು ವಿವರಿಸಿ, ಇಂದಿನಿಂದ ಹೀಗೆ ಮಾಡಿ ಎಂದರು. ಬದಲಾವಣೆ ದೊಡ್ಡದೇನಲ್ಲ. ಆರು ಆರು ಪೈಜಾಮಗಳನ್ನು ರಟ್ಟಿನ ಮೇಲೆ ಜೋಡಿಸುತ್ತಿದ್ದವರು ಡಬ್ಬಿಯೊಳಗೆ ಜೋಡಿಸಬೇಕಿತ್ತು. ಬೇರೆ ಗುಂಪುಗಳನ್ನು ಮೊದಲೇ ಕೂರಿಸಿಕೊಂಡು, ಬದಲಾವಣೆ ಏಕೆ ಬೇಕಾಯಿತು ಎಂದು ತೋರಿಸಿ, ಹೊಸ ಕ್ರಮವನ್ನೂ ಹೊಸ ದರವನ್ನೂ ರೂಪಿಸುವುದರಲ್ಲಿ ಸೇರಿಸಿಕೊಂಡರು. ಮೊದಲ ಗುಂಪಿನ ಉತ್ಪಾದನೆ ಮೇಲೇಳಲೇ ಇಲ್ಲ, 40 ದಿನಗಳಲ್ಲಿ ಶೇ 17ರಷ್ಟು ಮಂದಿ ಕೆಲಸ ಬಿಟ್ಟರು. ಸೇರಿಸಿಕೊಂಡ ಗುಂಪುಗಳು ಬೇಗ ಚೇತರಿಸಿಕೊಂಡವು, ಆ ಅವಧಿಯಲ್ಲಿ ಅಲ್ಲಿ ಒಬ್ಬರೂ ಬಿಡಲಿಲ್ಲ.

ನಿಮ್ಮಲ್ಲಿ ಬದಲಾವಣೆ ಆಗಿಹೋಗಿದೆ, ಆದ್ದರಿಂದ ‘ಮೊದಲೇ’ ಎನ್ನುವ ಅವಕಾಶ ಕೈತಪ್ಪಿದೆ. ಆದರೂ ಯಂತ್ರ ಏಕೆ ಬಂತು, ಟ್ಯಾಬ್ ಏಕೆ ಬಂತು ಎಂದು ಆ 38 ಜನರಿಗೆ ಯಾರಾದರೂ ಹೇಳಿದ್ದಾರೆಯೇ? ನಿಮ್ಮ ಬರಹದಲ್ಲಿ ಅದು ಕಾಣಲಿಲ್ಲ.

ಯೂನಿಯನ್ ಕಾರ್ಯಕರ್ತ, ಬೇಲೂರು

ಒಂದೇ ಪ್ರಶ್ನೆ. ಗಾರ್ಬ್ಲಿಂಗ್‌ಗೆ ದಿನಗೂಲಿಯೋ, ಕೆ.ಜಿ. ಲೆಕ್ಕವೋ? ಡಿಸೆಂಬರ್‌ನಲ್ಲಿ ದರ ಬದಲಾಯಿತೇ?

ಕೂಲಿ, ಕೆಲಸದ ಅವಧಿ, ಪಾಳಿ ಇಂಥವನ್ನು ಕಾರ್ಮಿಕರಿಗೆ ತೊಂದರೆಯಾಗುವಂತೆ ಬದಲಾಯಿಸುವುದಾದರೆ 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಮಿನಂತೆ 21 ದಿನ ಮೊದಲು ನೋಟಿಸ್ ಕೊಡಬೇಕಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ 40ನೇ ಕಲಮಿನಲ್ಲೂ ಅದೇ 21 ದಿನ. ಹೊಸ ಯಂತ್ರದಿಂದ ಜನರನ್ನು ತೆಗೆಯುವ ಪ್ರಸಂಗ ಬರುವಂತಿದ್ದರೆ ಅದೂ ಇದರೊಳಗೇ ಬರುತ್ತದೆ. ಕಾರ್ಯಾಗಾರ ಚೆನ್ನಾಗಿ ನಡೆಸಿ, ನನ್ನ ವಿರೋಧವಿಲ್ಲ. ಆದರೆ ‘ಎಲ್ಲರೂ ಕೂತು ಒಪ್ಪಿದ್ದಾರೆ’ ಎಂದು ಆಮೇಲೆ ತೋರಿಸಲು ಅದನ್ನು ಬಳಸಬಾರದು.

20 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು, ಅದರಲ್ಲಿ ಹೆಂಗಸರಿಗೆ ತಕ್ಕ ಪ್ರಾತಿನಿಧ್ಯ ಇರಬೇಕು ಎಂದೂ ಸಂಹಿತೆಯಲ್ಲಿದೆ. ನಿಮ್ಮಲ್ಲಿ ಇದೆಯೇ ನೋಡಿ.

ಕ್ಯೂರಿಂಗ್ ಸೂಪರ್‌ವೈಸರ್, ಹಾಸನ

ಕೆ.ಜಿ. ಲೆಕ್ಕ ಸರ್. ಆರಿಸಿ ಪಾಸಾದ ಕೆ.ಜಿ.ಗೆ ಇಷ್ಟು ಅಂತ. ದರ ಒಂದು ಪೈಸೆನೂ ಬದಲಾಗಿಲ್ಲ, ಅದನ್ನ ಖಚಿತವಾಗಿ ಹೇಳಬಲ್ಲೆ. ಸಮಿತಿ ಕಾಗದದಲ್ಲಿದೆ, ನಾನು ಬಂದ ಮೇಲೆ ಕೂತಿದ್ದು ನೋಡಿಲ್ಲ. ಅದನ್ನೂ ಕೇಳ್ತೀನಿ.

ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ಉತ್ತರ: ಯಾರೂ ಹೇಳಿಲ್ಲ. ನಾನೂ ಹೇಳಿಲ್ಲ.

ಗಾರ್ಮೆಂಟ್ಸ್ ಎಚ್‌ಆರ್, ಹಾಸನ

ಪ್ರಶ್ನೆ, ಬರವಣಿಗೆ ಎಲ್ಲ ಸರಿ. ಆದ್ರೆ ನನ್ನ ಅನುಭವದಲ್ಲಿ ಕಾರ್ಯಾಗಾರ ಸಾಯೋದು ಅಲ್ಲಲ್ಲ, ಮಾರನೇ ದಿನ. ನಮ್ಮ ಹಿಂದಿನ ಕಾರ್ಖಾನೆಯಲ್ಲಿ ಸಲಹೆ ಪೆಟ್ಟಿಗೆ ಇಟ್ಟಿದ್ರು. ಮೊದಲ ತಿಂಗಳು ತುಂಬಿ ತುಳುಕ್ತು. ಒಂದಕ್ಕೂ ಉತ್ತರ ಬರಲಿಲ್ಲ. ಮೂರನೇ ತಿಂಗಳು ತೆಗೆದ್ರೆ ಒಳಗೆ ಚಾಕಲೇಟ್ ಕಾಗದ ಬಿದ್ದಿತ್ತು.

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಗೆ ಜ್ಯಾಕ್ ವೆಲ್ಚ್ ಮುಖ್ಯಸ್ಥರಾಗಿದ್ದ ಕಾಲಕ್ಕೆ, 1980ರ ದಶಕದ ಕೊನೆಗೆ, ವರ್ಕ್-ಔಟ್ ಅಂತ ಒಂದು ಕ್ರಮ ತಂದ್ರು. ಅದರ ಜೀವ ಒಂದೇ ನಿಯಮದಲ್ಲಿದೆ. ಕೆಲಸಗಾರರು ಚರ್ಚೆ ಮಾಡೋವಾಗ ಮೇಲಿನವರು ಕೋಣೆಯಲ್ಲಿ ಇರೋ ಹಾಗಿಲ್ಲ. ಕೊನೆಗೆ ಅವರು ಒಳಗೆ ಬಂದು, ಪ್ರತಿ ಬೇಡಿಕೆಗೂ ಎಲ್ಲರ ಎದುರು ನಿಂತು ಉತ್ತರ ಕೊಡಬೇಕು. ಆಗುತ್ತೆ, ಆಗಲ್ಲ, ಅಥವಾ ಇನ್ನೂ ಮಾಹಿತಿ ಬೇಕು, ಇಂಥ ತಾರೀಖಿಗೆ ಹೇಳ್ತೀನಿ. ‘ನೋಡೋಣ’ ಅನ್ನೋಕೆ ಅವಕಾಶವೇ ಇಲ್ಲ.

ಅದಕ್ಕೆ ಅಣ್ಣ, ಕಾರ್ಯಾಗಾರಕ್ಕೂ ಮುಂಚೆ ನಿಮ್ಮ ಮ್ಯಾನೇಜರ್ ಹತ್ತಿರ ಹೋಗಿ. ಎಷ್ಟು ರೂಪಾಯಿವರೆಗೆ ನೀವೇ ನಿರ್ಧಾರ ಮಾಡಬಹುದು, ಯಾವುದಕ್ಕೆ ಮಾಲೀಕರನ್ನ ಕೇಳಬೇಕು ಅಂತ ಬರೆಸಿಕೊಳ್ಳಿ. ಅವರು ಒಪ್ಪದಿದ್ರೆ ಕಾರ್ಯಾಗಾರವೇ ಬೇಡ, ಆ ಹೆಂಗಸರನ್ನ ಎರಡನೇ ಸಲ ನಿರಾಸೆ ಮಾಡಬೇಡಿ.

ನಿವೃತ್ತ ಫೋರ್‌ಮನ್, ಅರಸೀಕೆರೆ

ಮೇಡಂ ಹೇಳಿದ್ದರಲ್ಲಿ ಒಂದು ಭಿನ್ನಾಭಿಪ್ರಾಯ. ಮೇಲಿನವರನ್ನು ಹೊರಗಿಟ್ಟರೆ ಅವರು ಬೇಡಿಕೆಯ ಪಟ್ಟಿ ಮಾತ್ರ ನೋಡುತ್ತಾರೆ, ಅದರ ಹಿಂದಿನ ಕಷ್ಟ ಕೇಳುವುದಿಲ್ಲ. ನಮ್ಮ ಸರ್ಕಲ್‌ಗಳಲ್ಲಿ ಇಲಾಖೆಯ ಮುಖ್ಯಸ್ಥರು ಮೂಲೆಯಲ್ಲಿ ಕೂತು ಕೇಳುತ್ತಿದ್ದರು, ಬಾಯಿ ಬಿಡುವಂತಿರಲಿಲ್ಲ.

ಗಾರ್ಮೆಂಟ್ಸ್ ಎಚ್‌ಆರ್, ಹಾಸನ

ಸರ್, ನಿಮ್ಮದು ವರ್ಷಗಟ್ಟಲೆ ಒಟ್ಟಿಗೆ ಕೂತ ಗುಂಪು, ಕೆಲಸ ಕಾಯಂ. ಇಲ್ಲಿ ನಾಳೆ ಕೆಲಸ ಇರುತ್ತೋ ಇಲ್ವೋ ಅನ್ನೋ ಭಯದಲ್ಲಿರೋ ಹೆಂಗಸರು. ಮ್ಯಾನೇಜರ್ ಮೂಲೆಯಲ್ಲಿ ಇದ್ರೂ ಅವರ ಕಣ್ಣು ಅಲ್ಲೇ ಇರುತ್ತೆ. ಹೊರಗಿರಲಿ. ಸೂಪರ್‌ವೈಸರ್ ಅಣ್ಣನೂ ಮೊದಲ ಅರ್ಧ ಗಂಟೆ ಹೊರಗೆ ಇದ್ರೆ ಒಳ್ಳೇದು ಅಂತೀನಿ.

ಕ್ಯೂರಿಂಗ್ ಸೂಪರ್‌ವೈಸರ್, ಹಾಸನ

ನಾನೂ ಹೊರಗಾ? ಓದಿ ಒಂದು ಕ್ಷಣ ಕಷ್ಟ ಆಯ್ತು ಮೇಡಂ, ಆದ್ರೆ ಒಪ್ತೀನಿ. ನಮ್ಮಲ್ಲಿ ಲ್ಯಾಬ್‌ನಲ್ಲಿ ತೇವಾಂಶ ನೋಡೋ ಹುಡುಗಿ ಇದ್ದಾಳೆ, ಅವಳನ್ನ ಕಂಡ್ರೆ ಎಲ್ಲರಿಗೂ ಅಕ್ಕರೆ. ಅವಳೇ ನಡೆಸಲಿ.

ಬರೆಯೋಕೆ ಬಾರದವರದು ಏನು ಮಾಡಲಿ? 38ರಲ್ಲಿ 15 ಜನಕ್ಕೆ ಸಹಿ ಮಾತ್ರ ಬರುತ್ತೆ.

ಎಸ್ಟೇಟ್ ರೈಟರ್, ಮೂಡಿಗೆರೆ

ಬರೆಸ್ಬೇಡಿ. ನಿಮ್ಮ ಹತ್ರ ಚೀಲಗಟ್ಟಲೆ ಬೀಜ ಇದೆಯಲ್ಲ. ಐದೈದು ಜನರ ಗುಂಪು ಮಾಡಿ, ಒಂದೊಂದು ಗುಂಪಿಗೂ ಬರೆಯೋಕೆ ಬರೋ ಒಬ್ಳು ಇರ್ಲಿ. ಮೊದಲು ಎಲ್ರೂ ಸುಮ್ಮನೆ ಕೂತು ಯೋಚಿಸ್ಲಿ, ಒಂದೊಂದು ಕಷ್ಟಕ್ಕೆ ಒಂದೊಂದು ಬೀಜ ಮುಂದೆ ಇಟ್ಕೊಳ್ಳಿ. ಆಮೇಲೆ ಒಂದೊಂದು ಬೀಜ ಎತ್ತಿ ಕೊಟ್ಟು ಒಂದೊಂದು ಮಾತು ಹೇಳೋದು. ಬೀಜ ಮುಂದೆ ಇದ್ರೆ ಮರೆಯೋದೂ ಇಲ್ಲ, ಮಧ್ಯ ಯಾರೋ ಮಾತು ಕಸ್ಕೊಳ್ಳೋದೂ ಇಲ್ಲ.

ಮತ ಹಾಕೋದಕ್ಕೂ ಅದೇ. ಒಂದೊಂದು ವಿಷಯಕ್ಕೂ ಒಂದು ಲೋಟ, ಪಕ್ಕದಲ್ಲಿ ಚಿತ್ರ. ತಲೆಗೆ ಐದು ಬೀಜ. ಪರದೆ ಹಿಂದೆ ಹೋಗಿ ಹಾಕಿ ಬರ್ಲಿ.

ಶುಶ್ರೂಷಾಧಿಕಾರಿ, ಚಿಕ್ಕಮಗಳೂರು

ಅಣ್ಣ, ಇದಕ್ಕಿಂತ ಚೆನ್ನಾಗಿ ಯಾರೂ ಹೇಳೋಕಾಗಲ್ಲ.

ಮೇಷ್ಟ್ರು, ಇಂಜಿನಿಯರಿಂಗ್ ಕಾಲೇಜು, ಹಾಸನ

ಪರಿಹಾರಗಳು ಬಂದ ಮೇಲೆ ಇನ್ನೊಂದು ಹತ್ತು ನಿಮಿಷ ಇಟ್ಟುಕೊಳ್ಳಿ. ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞರು 2007ರಲ್ಲಿ ಬರೆದ ಪ್ರೀಮಾರ್ಟಮ್ ಎಂಬ ಉಪಾಯ. ‘ಮುಂದಿನ ಸೀಸನ್ ಬಂತು, ನಾವು ಇವತ್ತು ಮಾಡಿದ್ದೆಲ್ಲ ಹಾಳಾಯಿತು. ಯಾಕೆ ಹಾಳಾಯಿತು ಹೇಳಿ’ ಎಂದು ಕೇಳುವುದು. ‘ಇದು ಸರಿ ಹೋಗುತ್ತದೆಯೇ’ ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ. ‘ಹಾಳಾಯಿತು, ಯಾಕೆ’ ಎಂದರೆ ಅನುಮಾನಗಳು ಹೊರಗೆ ಬರುತ್ತವೆ.

ಕ್ಯೂರಿಂಗ್ ಸೂಪರ್‌ವೈಸರ್, ಹಾಸನ (18 ದಿನಗಳ ನಂತರ)

ನಡೆಸಿದ್ವಿ. ಕಳೆದ ಗುರುವಾರ, ಬೆಳಿಗ್ಗೆ 9:30ರಿಂದ ಮಧ್ಯಾಹ್ನ ಎರಡರವರೆಗೆ. ಆ ಅರ್ಧ ದಿನದ ಕೂಲಿ ಎಲ್ಲರಿಗೂ ಸರಾಸರಿ ಲೆಕ್ಕದಲ್ಲಿ ಕೊಡಿಸಿದ್ವಿ. ಇದನ್ನ ಇಲ್ಲಿ ಯಾರೂ ಹೇಳಿರಲಿಲ್ಲ, ಆದ್ರೆ ಕೆ.ಜಿ. ಲೆಕ್ಕದ ಕೆಲಸದಲ್ಲಿ ಇದು ಮೊದಲು ಇತ್ಯರ್ಥ ಆಗಬೇಕು ಅಂತ ಒಬ್ಬ ಹಿರಿಯ ಅಮ್ಮ ಕೇಳಿದ ಮೊದಲ ಪ್ರಶ್ನೆಯಲ್ಲೇ ಗೊತ್ತಾಯ್ತು.

ಶೀಟಿನ ಮೇಲೆ ಮಳೆ ಜೋರು, ಮೊದಲ ಹತ್ತು ನಿಮಿಷದ ಮೌನ ಕಷ್ಟ ಅನ್ನಿಸಲೇ ಇಲ್ಲವಂತೆ. ಮೊದಲ ಅರ್ಧ ಗಂಟೆ ನಾನು ಹೊರಗೆ ತೂಕದ ಕಟ್ಟೆ ಮೇಲೆ ಕೂತಿದ್ದೆ. ಒಳಗೆ ಮೊದಲು ಏನೂ ಕೇಳಲಿಲ್ಲ. ಆಮೇಲೆ ಒಂದೊಂದೇ ಧ್ವನಿ. ಆಮೇಲೆ ಫೆಬ್ರವರಿಯಿಂದ ಕೇಳದೇ ಇದ್ದ ಆ ಹಾಲಿನ ಗಲಗಲ. ಕಣ್ಣು ತುಂಬಿ ಬಂತು.

ಒಟ್ಟು 61 ಮಾತು ಬಂತು. ಒಂದೇ ಥರದ್ದು ಸೇರಿಸಿದ ಮೇಲೆ ಏಳು ಲೋಟ ಇಟ್ವಿ. ಬೀಜ ಎಣಿಸಿದಾಗ ಎರಡು ಲೋಟ ತುಂಬಿತ್ತು.

ಒಂದು, ಚೀಟಿ. ಪುಸ್ತಕ ಇದ್ದಾಗ ತೂಕ ಕೂಗಿ ಹೇಳಿ, ಅವರವರ ಚೀಟಿಯಲ್ಲಿ ಬರೆದು ಕೊಡ್ತಿದ್ವಿ. ಟ್ಯಾಬ್ ಬಂದ ಮೇಲೆ ಚೀಟಿ ನಿಂತುಹೋಯ್ತು, ಯಾರೂ ನಿಲ್ಲಿಸಿ ಅಂತ ಹೇಳಿದ್ದಲ್ಲ, ಹಾಗೇ ನಿಂತ್ತು. ಟ್ಯಾಬ್ ಪರದೆ ಇಂಗ್ಲಿಷ್‌ನಲ್ಲಿದೆ, ಧೂಳು ಕೂತ ಬೆರಳು ಒತ್ತಿದ್ರೆ ತಗೊಳ್ಳಲ್ಲ, ಎಂಟ್ರಿ ಮಾಡೋನು ಒಂದೊಂದು ಲಾಟ್‌ಗೂ ಎರಡು ಮೂರು ಸಲ ಒತ್ತಬೇಕು. ಐದು ಗಂಟೆಗೆ ಸಾಲು ನಿಂತ್ರೆ ಐದೂವರೆ ಬಸ್ಸು ತಪ್ಪುತ್ತೆ. ಬಸ್ಸು ಹಿಡಿಯೋ ಅವಸರಕ್ಕೆ ತೂಕ ನೋಡದೇ ಓಡ್ತಿದ್ರು, ರಾತ್ರಿ ಮನೇಲಿ ಅನುಮಾನ, ಬೆಳಿಗ್ಗೆ ನನ್ನ ಹತ್ತಿರ ತಕರಾರು.

ಎರಡನೇ ಲೋಟದ ಪಕ್ಕ ಚಿತ್ರ ಬರೆದಿರಲಿಲ್ಲ, ಎರಡು ಮೊರ ಇಟ್ಟಿದ್ರು. ಕಟ್ಟಾಯದ ಕಡೆಯ ಒಬ್ಬ ಅಮ್ಮ, 20 ವರ್ಷದಿಂದ ಬೀಜ ಆರಿಸ್ತಿರೋರು, ನನ್ನನ್ನ ಕರೆದು ತೋರಿಸಿದ್ರು. ‘ನೋಡಪ್ಪ, ಇದು ಮುಂಚೆ ನಮ್ಮ ಮುಂದೆ ಬರ್ತಿದ್ದ ಮಾಲು. ಇದು ಈಗ ಬರೋ ಮಾಲು.’ ಮೊದಲನೇ ಮೊರದಲ್ಲಿ ಹಸಿರು ಬೂದಿ ಬಣ್ಣದ ಒಳ್ಳೆ ಬೀಜ, ಮಧ್ಯ ಅಲ್ಲೊಂದು ಇಲ್ಲೊಂದು ಕಪ್ಪು. ಎರಡನೇದು ಮೆಷಿನ್ ಹೊರಗೆ ಎಸೆದ ಮಾಲು. ಅದರಲ್ಲಿ ಕಪ್ಪು, ಕಂದು, ಚೂರು ತುಂಬಿ, ಒಳಗೆ ಅಲ್ಲಲ್ಲಿ ಉಳಿದ ಒಳ್ಳೆ ಬೀಜ. ಒಳ್ಳೆ ಲಾಟ್ ಮೆಷಿನ್‌ನಿಂದ ನೇರ ಚೀಲಕ್ಕೆ ಹೋಗುತ್ತೆ. ಇವರಿಗೆ ಬರೋದು ಮೆಷಿನ್‌ಗೆ ಬೇಡವಾದದ್ದು ಮಾತ್ರ. ಕೆ.ಜಿ.ಗೆ ದರ ಅದೇ. ಒಂದು ಕೆ.ಜಿ. ಪಾಸ್ ಮಾಡೋಕೆ ಬೇಕಾದ ಹೊತ್ತು ಅದೇ ಅಲ್ಲ.

ಯೂನಿಯನ್ ಸರ್, ನೀವು ಇದನ್ನೇ ಕೇಳಿದ್ರಿ. ನಾನು ಒಂದು ಪೈಸೆನೂ ಬದಲಾಗಿಲ್ಲ ಅಂತ ಗಟ್ಟಿಯಾಗಿ ಹೇಳಿದ್ದೆ. ಆ ಮಾತು ಸುಳ್ಳಲ್ಲ, ಆದ್ರೆ ಅವರ ಸಂಜೆಯ ಕೂಲಿ ಇಳಿದಿತ್ತು. ಆರು ತಿಂಗಳು ದಿನಾ ಅದೇ ತಕ್ಕಡಿ ಪಕ್ಕ ನಿಂತಿದ್ದೆ, ಕಾಣಲಿಲ್ಲ. ಅದಕ್ಕೆ ಅವರೆಲ್ಲರ ಎದುರು ಕ್ಷಮೆ ಕೇಳಿದೆ.

12:30ಕ್ಕೆ ಮ್ಯಾನೇಜರ್ ಬಂದ್ರು. ಆ ಅಮ್ಮ ಅವರಿಗೂ ಮಾತಿಗೆ ಮುಂಚೆ ಮಣೆ ಹಾಕಿ, ‘ಕಾಲು ಗಂಟೆ ಕೂತು ಆರಿಸಿ ಸ್ವಾಮಿ’ ಅಂದ್ರು. ಅವರು ಕೂತ್ರು. ನಿಜವಾಗಲೂ ಕೂತ್ರು, ತಲೆ ಎತ್ತದೇ ಆರಿಸಿದ್ರು. ಆಮೇಲೆ ಪಕ್ಕದಲ್ಲೇ ಇಬ್ಬರು ಹಳೇ ಕೈಗಳು ಒಂದೊಂದು ಮೊರ ಹಿಡಿದು ಕಾಲು ಗಂಟೆ ಆರಿಸಿದ್ರು, ಎಲ್ಲರ ಎದುರು ತೂಗಿದ್ವಿ. ಹಳೇ ಥರದ ಮಾಲು 2 ಕೆ.ಜಿ. 100 ಗ್ರಾಂ. ಮೆಷಿನ್ ಎಸೆದ ಮಾಲು 900 ಗ್ರಾಂ.

ಉತ್ತರ ಹೀಗೆ ಬಂತು. ಚೀಟಿ: ಆಗುತ್ತೆ, ಸೋಮವಾರದಿಂದ. ಸಂಜೆ ಎರಡನೇ ತಕ್ಕಡಿ: ಆಗುತ್ತೆ, ಗೋಡೌನ್‌ನಲ್ಲಿ ಒಂದು ಸುಮ್ಮನೆ ಇದೆ. ದರ: ಈಗಲೇ ಹೇಳೋಕಾಗಲ್ಲ, 12 ದಿನ ಹಾಲಿನವರೂ ಆಫೀಸಿನವರೂ ಸೇರಿ ಎರಡೂ ಮಾಲು ತೂಗಿ ಬರೆಯೋದು, 15ನೇ ದಿನ ಮಾಲೀಕರ ಎದುರು ಉತ್ತರ. ಟ್ಯಾಬ್ ತೆಗೆದು ಪುಸ್ತಕ ವಾಪಸ್ ತರೋದು: ಆಗಲ್ಲ. ಯಾಕೆ ಆಗಲ್ಲ ಅಂತ ಹೇಳಿದ್ರು. ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಬರಬಾರದು ಅಂತ ಯುರೋಪಿಯನ್ ಒಕ್ಕೂಟ 2023ರಲ್ಲಿ ಕಾನೂನು ತಂದಿದೆ, ಅಲ್ಲಿಗೆ ಹೋಗೋ ಚೀಲ ಯಾವ ತೋಟದ್ದು ಅಂತ ತೋರಿಸಬೇಕಾಗುತ್ತೆ, ಲಾಟ್ ಎಲ್ಲೂ ಬೆರೆಯಬಾರದು, ಅದಕ್ಕೆ ಪ್ರತಿ ಹಂತದ ತೂಕವೂ ದಾಖಲಾಗಬೇಕು ಅಂತ.

ಹಿಂದಿನ ಸಾಲಿನಿಂದ ಒಬ್ಬಳು ಎದ್ದು, ‘ಇದನ್ನ ಡಿಸೆಂಬರ್‌ನಲ್ಲೇ ಹೇಳಿದ್ರೆ ನಾವೇನು ಬೇಡ ಅಂತಿದ್ವಾ?’ ಅಂದಳು. ಯಾರಿಗೂ ಉತ್ತರ ಇರಲಿಲ್ಲ.

ಮೇಷ್ಟ್ರೇ, ನಿಮ್ಮ ‘ಹಾಳಾಯಿತು, ಯಾಕೆ’ ಕೂಡ ಕೇಳಿದ್ವಿ. ಬಂದ ಉತ್ತರದಲ್ಲಿ ಮುಖ್ಯವಾದದ್ದು: ‘ಸೀಸನ್ ಜೋರಾದಾಗ ಹೊರಗಿನಿಂದ ಹೊಸಬರನ್ನ ತರ್ತೀರ, ಅವರಿಗೆ ಚೀಟಿ ವಿಷಯ ಗೊತ್ತಿರಲ್ಲ, ಮತ್ತೆ ನಿಂತುಹೋಗುತ್ತೆ.’

ಯೂನಿಯನ್ ಕಾರ್ಯಕರ್ತ, ಬೇಲೂರು

ನೀವು ಕ್ಷಮೆ ಕೇಳಿದ್ದು ದೊಡ್ಡದು. ದರದ ತೀರ್ಮಾನ ಬಾಯಿಮಾತಿನಲ್ಲಿ ಬಿಡಬೇಡಿ. 12 ದಿನದ ತೂಕದ ಹಾಳೆಯ ಮೇಲೆ ದಿನಾ ಎರಡೂ ಕಡೆಯವರ ಸಹಿ ಇರಲಿ. ಕುಂದುಕೊರತೆ ಸಮಿತಿಯನ್ನು ಜೀವಂತ ಮಾಡಿ, ಅದರ ನಡಾವಳಿಯಲ್ಲಿ ಬರೆಸಿ. ಮ್ಯಾನೇಜರ್ ವರ್ಗವಾದರೂ ಕಾಗದ ಉಳಿಯುತ್ತದೆ.

ನಿವೃತ್ತ ಫೋರ್‌ಮನ್, ಅರಸೀಕೆರೆ

ಮೇಡಂ ಅವರ ಮಾತೇ ಸರಿ ಎಂದು ಒಪ್ಪುತ್ತೇನೆ, ಮ್ಯಾನೇಜರ್ ಹೊರಗಿದ್ದದ್ದು ಒಳ್ಳೆಯದಾಯಿತು. ಆದರೆ ಅವರು ಒಳಗೆ ಬಂದು ಮೊರ ಹಿಡಿದು ಕೂತರಲ್ಲ, ನಾನು ಹೇಳಲು ಹೊರಟಿದ್ದು ಅದನ್ನೇ.

ಶುಶ್ರೂಷಾಧಿಕಾರಿ, ಚಿಕ್ಕಮಗಳೂರು

ಮತ್ತೆ ಕೂರೋ ದಿನ ಈಗಲೇ ಗೊತ್ತು ಮಾಡಿಬಿಡಿ. ಒಂದೇ ಒಂದು ಸೂಚನೆ, ವರ್ಷಕ್ಕೊಂದೇ ಸಲ ಹಾಸನಾಂಬೆ ಗುಡಿಯ ಬಾಗಿಲು ತೆಗೆಯೋ ದಿನಗಳಲ್ಲಿ ಇಡಬೇಡಿ. ಆಗ ಊರಿನ ಬಸ್ಸೆಲ್ಲ ತುಂಬಿರುತ್ತೆ, ಅರ್ಧ ಜನ ಬರೋಕೇ ಆಗಲ್ಲ.

ಕ್ಯೂರಿಂಗ್ ಸೂಪರ್‌ವೈಸರ್, ಹಾಸನ (ಮತ್ತೆ 20 ದಿನಗಳ ನಂತರ)

12 ದಿನದ ತೂಕ ಮುಗೀತು, ಎಲ್ಲ ಹಾಳೆಯ ಮೇಲೂ ಎರಡು ಸಹಿ ಇದೆ. ಮೆಷಿನ್ ಎಸೆದ ಮಾಲಿಗೆ ಬೇರೆ ದರ ಆಯ್ತು, ಹಳೇ ದರದ ಒಂದೂಮುಕ್ಕಾಲು ಪಟ್ಟು. ಹಾಲಿನವರು ಕೇಳಿದ್ದು ಎರಡು ಪಟ್ಟು. ಪೂರ್ತಿ ತೃಪ್ತಿ ಇಲ್ಲ, ಸೀಸನ್ ಮಾಲಿನ ಮೇಲೆ ಮತ್ತೆ ತೂಗೋಣ ಅಂತ ಸಮಿತಿಯ ನಡಾವಳಿಯಲ್ಲಿ ಬರೆಸಿದ್ದಾರೆ. ಸಮಿತಿಯಲ್ಲಿ ಈಗ ಗಾರ್ಬ್ಲಿಂಗ್‌ನ ಮೂರು ಜನ ಇದ್ದಾರೆ, ಮೊರ ತೋರಿಸಿದ ಅಮ್ಮನೂ ಒಬ್ಬರು.

ಬಿಟ್ಟು ಹೋಗಿದ್ದ ನಾಲ್ವರ ಮನೆಗೆ ನಾನೇ ಹೋದೆ, ರೈಟರ್ ಅಣ್ಣ ಹೇಳಿದ ಹಾಗೆ ಜಗಲಿ ಮೇಲೆ ಕೂತು ಮಾತಾಡಿದೆ. ಇಬ್ಬರು ವಾಪಸ್ ಬಂದ್ರು. ಇನ್ನಿಬ್ಬರು ಬೇರೆ ಕಡೆ ಸೇರಿದ್ದಾರೆ, ಬರಲ್ಲ ಅಂದ್ರು.

ಟ್ಯಾಬ್‌ನಲ್ಲಿ ಕನ್ನಡ ಪರದೆ ಇನ್ನೂ ಬಂದಿಲ್ಲ. ಸಾಫ್ಟ್‌ವೇರ್‌ನವರು ಎರಡು ಸಲ ತಾರೀಖು ಮುಂದೂಡಿದ್ದಾರೆ. ಗೋಡೆ ಮೇಲೆ ಏಳು ವಿಷಯದ ಪಟ್ಟಿ ಅಂಟಿಸಿದ್ದೀವಿ, ಆದದ್ದರ ಮುಂದೆ ಹಸಿರು ಚುಕ್ಕೆ. ನಾಲ್ಕಕ್ಕೆ ಬಿದ್ದಿದೆ. ಕನ್ನಡ ಪರದೆ ಅನ್ನೋ ಸಾಲಿನ ಮುಂದೆ ಖಾಲಿ ಇದೆ, ಹೋಗ್ತಾ ಬರ್ತಾ ಯಾರಾದ್ರೂ ಅದನ್ನ ತೋರಿಸಿ ನನ್ನನ್ನ ಕೇಳ್ತಾರೆ.

ಮತ್ತೆ ಕೂರೋದು ಡಿಸೆಂಬರ್ ಎರಡನೇ ವಾರ, ಹೊಸ ಅರೇಬಿಕಾ ಬರೋಕೆ ಶುರುವಾದ ಮೇಲೆ. ಸೀಸನ್‌ಗೆ ಬರೋ ಹೊಸಬರಿಗೆ ಚೀಟಿಯ ವಿಷಯ ಹೇಳಿಕೊಡೋದು ದುದ್ದದ ಇಬ್ಬರು ವಹಿಸ್ಕೊಂಡಿದ್ದಾರೆ. ಇವತ್ತು ಸಂಜೆ ಐದೂ ಹತ್ತಕ್ಕೆ ತೂಕ ಮುಗೀತು, ಎಲ್ಲರ ಕೈಯಲ್ಲೂ ಚೀಟಿ ಇತ್ತು.